ಸೇಂಟ್ ಆ್ಯನ್‌ಗೆ ಮಡಿಲಕ್ಕಿ

ನಮ್ಮ ಮನೆಯಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ಸಲ, "ಹೇಮಾ, ನೀನು ಅದೇನು ಓದುತ್ತಿದ್ದೀಯಾ?" ಎಂದು ಕೇಳಿದ್ದರೆ ಈ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲರೂ ಸೇರಿ ತಪ್ಪನ್ನು ತಂದು ನನ್ನ ತಲೆಗೇ ಕಟ್ಟುತ್ತಾರೆ, ಅದರಲ್ಲಿ ನಮ್ಮವರು ನಿಸ್ಸೀಮರು.

ನನ್ನ ಗಂಡ ಅಶೋಕ ಅರಿವಳಿಕೆ ಡಾಕ್ಟರು. ಅವನಿಗೆ ಗೊತ್ತಿರುವುದು ಇಷ್ಟು: ಹೇಮಲತಾ ಮ್ಯಾಂಚೆಸ್ಟರಿನಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುತ್ತಾಳೆ, ವಿಷಯ ಹಿಸ್ಟರಿ, ಮುಗಿಯುವುದು ಯಾವಾಗಲೋ ದೇವರಿಗೇ ಗೊತ್ತು. ಮಗಳು ಪ್ರತೀಕ್ಷಾ ಅದನ್ನು 'ಮಮ್ಸ್ ಚರ್ಚ್ ಥಿಂಗ್' ಎನ್ನುತ್ತಾಳೆ. ಕನ್ನಡ ಸಂಘದ ಹೆಂಗಸರು ಇನ್ನೂ ಒಂದು ಕೈ ಮೇಲೆ. "ಅಲ್ಲಾ ಹೇಮಾ, ಇಂಗ್ಲಿಷರ ಚರ್ಚು ಕಟ್ಕೊಂಡು ನಿಮಗೇನಾಗ್ಬೇಕು? ನಮ್ಮ ಹಂಪಿ ಮೇಲೆ ಮಾಡಬಾರದಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪುಳಿಯೋಗರೆ ಬಡಿಸಿಕೊಳ್ಳಲು ಹೋಗುತ್ತಾರೆ. ಅಶೋಕನ ಆಸ್ಪತ್ರೆ ಡ್ಯೂಟಿಯ ರೋಟಾ ನೋಡಿಕೊಂಡು ವುಲ್ವರ್‌ಹ್ಯಾಂಪ್ಟನ್, ಲೀಡ್ಸ್, ಈಗ ಮ್ಯಾಕಲ್ಸ್‌ಫೀಲ್ಡ್ ಎಂದು ಊರೂರು ಅಲೆದು, ಶಾಲೆಶಾಲೆಗಳಲ್ಲಿ ಬದಲಿ ಟೀಚರಾಗಿ ಕೂತೆದ್ದು, ಐವತ್ತು ದಾಟಿದ ಮೇಲೆ ನನ್ನದು ಅಂತ ಹಿಡಿದ ಕೆಲಸ ಅದು. ಹಂಪಿಯಂತೆ ಹಂಪಿ.

ನಾನು ಓದುತ್ತಿದ್ದುದು ಏನೆಂದು ಅವರು ಕೇಳದಿದ್ದರೂ ನೀವು ಕೇಳಿ. ಸಾವಿರದ ಐನೂರ ನಲವತ್ತೇಳರಲ್ಲಿ ಇಂಗ್ಲೆಂಡಿನ ಸಿಂಹಾಸನದ ಮೇಲೆ ಒಂಬತ್ತು ವರ್ಷದ ಹುಡುಗ ಕೂತ. ಅವನ ಹೆಸರಿನಲ್ಲಿ ಆಳುತ್ತಿದ್ದ, ಹೊಸ ಪ್ರಾಟೆಸ್ಟೆಂಟ್ ಮತದ ದೊಡ್ಡವರು ಮಾರನೆಯ ವರ್ಷವೇ ಅಪ್ಪಣೆ ಹೊರಡಿಸಿದರು: ಚರ್ಚುಗಳಲ್ಲಿರುವ ಸಂತರ ವಿಗ್ರಹಗಳನ್ನೆಲ್ಲ ಕಿತ್ತು ಹಾಕಿ, ಗೋಡೆಯ ಚಿತ್ರಗಳಿಗೆ ಸುಣ್ಣ ಹೊಡೆಯಿರಿ. ಅಜ್ಜಿ ಮುತ್ತಜ್ಜಿಯರ ಕಾಲದಿಂದ ದೀಪ ಹಚ್ಚಿಕೊಂಡು ಬಂದ ಜನ ಬೆಳಗಾಗುವುದರೊಳಗೆ ಅದೆಲ್ಲ ತಪ್ಪು ಎಂದು ಒಪ್ಪಿಕೊಳ್ಳಬೇಕು! ಮ್ಯಾಕಲ್ಸ್‌ಫೀಲ್ಡಿನ ಆಚೆ ಗುಡ್ಡದ ಬುಡದಲ್ಲಿ ಒಂದು ಹಳ್ಳಿಯಿದೆ. ಅಲ್ಲಿನ ಚರ್ಚಿನಲ್ಲಿ ಸೇಂಟ್ ಆ್ಯನ್ ಎಂಬ ತಾಯಿಯ ವಿಗ್ರಹವಿತ್ತು. ಮೇರಿಯ ಅಮ್ಮ, ಯೇಸುವಿನ ಅಜ್ಜಿ. ಮಗಳನ್ನು ಮಗ್ಗುಲಲ್ಲಿ ನಿಲ್ಲಿಸಿಕೊಂಡು ಓದು ಕಲಿಸುತ್ತಿರುವ ಭಂಗಿ. ರಾಜನ ಕಮಿಷನರುಗಳು ಕುದುರೆ ಏರಿ ಬಂದಾಗ ಗೋಡೆಯ ಗೂಡು ಖಾಲಿಯಿತ್ತು. ವಿಗ್ರಹ ಎಲ್ಲಿ ಎಂದು ಅವರು ಊರವರನ್ನೆಲ್ಲ ನಿಲ್ಲಿಸಿ ಮೂರು ಸಲ ಕೇಳಿದರು. ಮೂರು ಸಲವೂ ಇಡೀ ಊರು ಹೇಳಿದ್ದು ಒಂದೇ ಮಾತು: ಗೊತ್ತಿಲ್ಲ.

ಗೊತ್ತಿತ್ತು, ಅವರೇ ಎಲ್ಲೋ ಅಡಗಿಸಿಟ್ಟಿದ್ದರು ಎಂಬುದು ನನ್ನ ವಾದ. ಆರು ವರ್ಷ ಆ ಒಂದು ವಾದದ ಬೆನ್ನು ಹತ್ತಿ ಓಡಾಡಿದ್ದೇನೆ. ಆ ಹಳ್ಳಿಯ ಚರ್ಚಿನ ವಿಕರ್, ಅಂದರೆ ಪಾದ್ರಿ, ಜೂಡಿತ್ ನನಗೆ ಪರಿಚಯವಾದದ್ದೂ ಹಾಗೆ. ಒಳ್ಳೆಯ ಹೆಂಗಸು. ಭಾನುವಾರ ಚರ್ಚಿಗೆ ಬರುವವರು ಬೆರಳೆಣಿಕೆಯಷ್ಟು, ಮಳೆ ಬಂದರೆ ಅವರೂ ಇಲ್ಲ. ಚರ್ಚಿನ ಪಕ್ಕದಲ್ಲೇ ಒಂದು ಹಳೇ ಕಲ್ಲಿನ ಹಾಲ್ ಇದೆ. ಹಿಂದೆ ಊರವರು ಹಬ್ಬಕ್ಕೆ ತಾವೇ ಬಿಯರ್ ಮಾಡಿ ಕುಡಿದು ಕುಣಿಯುತ್ತಿದ್ದ ಜಾಗ. ಆಮೇಲೆ ಬಂದ ಮಡಿವಂತರು ಕುಣಿತವನ್ನೂ ನಿಲ್ಲಿಸಿದರು, ಬಿಯರನ್ನೂ ನಿಲ್ಲಿಸಿದರು. ನಮ್ಮ ಸಂಘಕ್ಕೆ ಗಣಪತಿ ಕೂರಿಸಲು ಜಾಗ ಸಿಗದೆ ಒದ್ದಾಡುತ್ತಿದ್ದಾಗ ಈ ಹಾಲ್ ಕೊಡಿಸಿದವಳು ನಾನೇ. ಹಾಲ್ ಗುಡಿಸಿ ಸಾರಿಸಿ ಕೊಟ್ಟರೆ ಸಾಕು, ಬಾಡಿಗೆ ಬೇಡ ಎಂದರು ಜೂಡಿತ್.

ಸಂಘದ ಕಾರ್ಯದರ್ಶಿ ಸ್ಕಂದ. ಮ್ಯಾಂಚೆಸ್ಟರಿನಲ್ಲಿ ಐಟಿ ಕೆಲಸ. ಒಳ್ಳೆಯ ಹುಡುಗ, ಆದರೆ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ. ಶನಿವಾರ ಅವನೂ ಅವನ ಸ್ನೇಹಿತರೂ ಹಾಲ್ ಕ್ಲೀನ್ ಮಾಡುವುದೆಂದು ನಿಶ್ಚಯವಾಯಿತು. ನಾನು ಹಿಂದಿನ ದಿನವೇ ಸಂಘದ ವಾಟ್ಸಾಪಿಗೆ ಹಾಕಿದೆ: "ಹಾಲ್ ತುಂಬಾ ಹಳೆಯದು. ಕಲ್ಲು, ಮರ, ಬಟ್ಟೆ, ಹಳೆಯದು ಅಂತ ಏನೇ ಕಣ್ಣಿಗೆ ಬಿದ್ದರೂ ಮುಟ್ಟಬೇಡಿ. ಮೊದಲು ನನಗೆ ಫೋನ್ ಮಾಡಿ." ಸಾಲಾಗಿ ಹೆಬ್ಬೆಟ್ಟುಗಳು ಬಂದವು. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಇನ್ನೊಬ್ಬರು ಬಾಳೆಎಲೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಲ್ಲಿಂದ ಮುಂದೆ ಮಾತೆಲ್ಲ ಬಾಳೆಎಲೆಯದೇ.

ಆ ಶನಿವಾರ ನಾನು ಹಾಲಿನಲ್ಲಿ ಇರಲಿಲ್ಲ. ವಾರದ ದಿನ ಪುರುಸೊತ್ತಿಲ್ಲದ ನನ್ನ ಪಿಎಚ್‌ಡಿ ಗೈಡ್ ಮೇಡಂ ಶನಿವಾರ ಕರೆದಿದ್ದರು. ಫೋನ್ ಆಫ್ ಮಾಡಿ ಅವರೆದುರು ಕೂತೆ. ಅವರು ನನ್ನ ಅಧ್ಯಾಯವನ್ನು ಮೇಜಿನ ಮೇಲೆ ನೇರವಾಗಿ ಜೋಡಿಸಿದರು. ಕೆಟ್ಟ ಸುದ್ದಿ ಹೇಳುವ ಮೊದಲು ಅವರು ಯಾವಾಗಲೂ ಹೀಗೆಯೇ ಮಾಡುತ್ತಾರೆ.

ಅವರ ಪ್ರಶ್ನೆ ಒಂದೇ. ಆ ಹುಡುಗ ರಾಜ ಆರೇ ವರ್ಷಕ್ಕೆ ಸತ್ತ. ಅವನ ಅಕ್ಕ ಮೇರಿ ಪಟ್ಟಕ್ಕೆ ಬಂದಳು. ಅವಳು ಹಳೆಯ ಕ್ಯಾಥೊಲಿಕ್ ಮತದವಳು, ವಿಗ್ರಹಗಳನ್ನೆಲ್ಲ ತಿರುಗಿ ತನ್ನಿ ಎಂದಳು. ಊರೂರುಗಳಲ್ಲಿ ಜನ ಹುಲ್ಲಿನ ಬಣವೆಯಿಂದ, ಅಟ್ಟದಿಂದ, ಹಾಸುಗಲ್ಲಿನ ಕೆಳಗಿನಿಂದ ಸಂತರನ್ನು ಹೊರತೆಗೆದು ತಂದು ನಿಲ್ಲಿಸಿದರು. ಆದರೆ ನನ್ನ ಹಳ್ಳಿಯವರು ತರಲಿಲ್ಲ. ಐದು ವರ್ಷ ಅವಕಾಶವಿದ್ದರೂ ಗೂಡು ಖಾಲಿಯೇ ಉಳಿಯಿತು. ಆಮೇಲೆ ತಂಗಿ ಎಲಿಜಬೆತ್ ಬಂದು ಮತ್ತೆ ಎಲ್ಲವನ್ನೂ ತೆಗೆಸಿದಳು.

"ಅಡಗಿಸಿಟ್ಟಿದ್ದರೆ ಯಾಕೆ ವಾಪಸ್ ತರಲಿಲ್ಲ?" ಎಂದರು ಗೈಡ್. "ಸರಳ ಉತ್ತರ ಏನೆಂದರೆ ಅವರೇ ಅದನ್ನು ಒಡೆದು ಹಾಕಿದ್ದರು. ಜನರ ಭಕ್ತಿ ನೀವು ಅಂದುಕೊಂಡಷ್ಟು ಇರಲಿಲ್ಲ. ಇಲ್ಲ ಎನ್ನುವುದಾದರೆ ಕಣ್ಣಿಗೆ ಕಾಣುವ ಪುರಾವೆ ಕೊಡಿ, ಬರೀ ಊಹೆ ಸಾಲದು." ಅಕ್ಟೋಬರ್ ಕೊನೆಯವರೆಗೆ ಸಮಯ ಕೊಟ್ಟರು. ಇನ್ನು ಗಡುವು ವಿಸ್ತರಣೆ ಇಲ್ಲವಂತೆ. ಪುರಾವೆ ಸಿಗದಿದ್ದರೆ ಆ ಅಧ್ಯಾಯ ಬಿಡಬೇಕು, ಅದು ಬಿಟ್ಟರೆ ಪ್ರಬಂಧದಲ್ಲಿ ಉಳಿಯುವುದು ಬರೀ ಮುನ್ನುಡಿ.

ರೈಲಿನಲ್ಲಿ ಸ್ಟಾಕ್‌ಪೋರ್ಟ್ ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಮನೆಗೆ ಬಂದು ಹೇಳಿದರೆ ಅಶೋಕ "ಹೋಗ್ಲಿ ಬಿಡು, ಟೆನ್ಷನ್ ಮಾಡ್ಕೋಬೇಡ, ಬಿಪಿ ಏರತ್ತೆ" ಎಂದ. ಕಟ್ಟಿಕೊಂಡ ಗಂಡನ ಹತ್ತಿರ ಹೇಳಿಕೊಂಡರೂ ಸಿಗುವುದು ಬಿಪಿ.

ಮರುವಾರ ಗಣಪತಿ ಹಬ್ಬ. ಹಾಲ್ ಲಕಲಕ ಎನ್ನುತ್ತಿತ್ತು, ಅದನ್ನು ಮೆಚ್ಚಲೇಬೇಕು. ಪೂಜೆ ಮಾಡಿಸಿದವರು ಗೋಪಾಲ ಮಾವ, ಅಶೋಕನ ಸೋದರಮಾವ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಇಡೀ ಆಯಸ್ಸು ಜಿಪಿ, ಅಂದರೆ ಊರ ಡಾಕ್ಟರು, ಆಗಿದ್ದು, ನಿವೃತ್ತಿಯಾದ ಮೇಲೆ ಸ್ಟಾಕ್‌ಪೋರ್ಟಿಗೆ ಬಂದು ನಮಗೆಲ್ಲ ಪುರೋಹಿತರಾಗಿದ್ದಾರೆ. ಎಪ್ಪತ್ತೆಂಟಾದರೂ ಕಂಠ ಖಣಖಣ ಎನ್ನುತ್ತದೆ. ರೋಗಿಗಳಿಗೆ ಗದರಿಕೊಂಡು ಬಂದ ಅಭ್ಯಾಸ, ಈಗ ಗಣಪತಿಗೂ ಗದರಿಕೊಂಡೇ ಮಂತ್ರ ಹೇಳುತ್ತಾರೆ.

ಊಟಕ್ಕೆ ಕೂತಾಗ ಪಕ್ಕದಲ್ಲಿ ಸ್ಕಂದ ಬಂದು ಕೂತ. "ಆಂಟಿ, ನೆಲ ನೋಡಿದ್ರಾ? ಆ ಸ್ಟೇಜ್ ಎತ್ತಿ ಕೆಳಗೆಲ್ಲ ಕ್ಲೀನ್ ಮಾಡಿದ್ವಿ. ಎಷ್ಟು ಗಲೀಜಿತ್ತು ಗೊತ್ತಾ? ಒಂದು ಹಾಸುಗಲ್ಲು ಅಲ್ಲಾಡ್ತಿತ್ತು. ಎತ್ತಿ ನೋಡಿದ್ರೆ ಒಳಗೊಂದು ವಿಗ್ರಹ!"

ನನ್ನ ಕೈಯಲ್ಲಿದ್ದ ಅನ್ನದ ತುತ್ತು ಎಲೆಗೆ ಬಿತ್ತು. "ಏನು?"

"ವಿಗ್ರಹ ಆಂಟಿ. ಬಿಳೀ ಕಲ್ಲಿಂದು. ಹೆಂಗಸು, ಜೊತೆಗೊಂದು ಮಗು. ಮೇಡಮ್ಮಿಗೆ ತಲೆ ಇರ್ಲಿಲ್ಲ ಪಾಪ." ಅವನು ಫೋನ್ ತೆಗೆದು ಫೋಟೋ ತೋರಿಸಿದ.

ಎಡಗೈಯಲ್ಲಿ ಅವನ ಫೋನ್ ಕಿತ್ತುಕೊಂಡೆ. ಕೂತ ಹೆಂಗಸು, ಕುತ್ತಿಗೆಯಿಂದ ಮೇಲೆ ಇಲ್ಲ. ಮಗ್ಗುಲಲ್ಲಿ ಹುಡುಗಿ, ಅವಳ ಕೈ ತೆರೆದ ಪುಸ್ತಕದ ಮೇಲೆ. ನಾಟಿಂಗ್‌ಹ್ಯಾಮ್ ಕಡೆಯ ಕುಶಲಕರ್ಮಿಗಳು ಆಗ ಕೆತ್ತುತ್ತಿದ್ದ ಅಲಬಾಸ್ಟರ್ ಎಂಬ ಮೆದುಗಲ್ಲು, ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಅದರ ಮೇಲೆ ಮೈತುಂಬ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಮಡಿಕೆಗಳಲ್ಲಿ ಕಾಣುವ ಕೆಂಪು ನಮ್ಮ ಕುಂಕುಮವೋ ಐನೂರು ವರ್ಷದ ಹಳೇ ಬಣ್ಣವೋ ಹೇಳುವ ಹಾಗಿರಲಿಲ್ಲ. ಆದರೆ ಅವಳೇ. ನನ್ನ ಸೇಂಟ್ ಆ್ಯನ್.

"ಎಲ್ಲಿದೆ ಇದು? ಮುಟ್ಟಬೇಡಿ, ಫೋನ್ ಮಾಡಿ ಅಂತ ಹೇಳಿದ್ನಲ್ಲ!"

"ಮಾಡಿದ್ವಿ ಆಂಟಿ. ನಿಮ್ಮ ಫೋನ್ ಸ್ವಿಚ್ಡ್ ಆಫ್. ಅದಕ್ಕೆ ಗೋಪಾಲ ಅಂಕಲ್‌ಗೆ ಮಾಡಿದ್ವಿ. ಅವ್ರು ಬಂದು ನೋಡಿ, ಭಿನ್ನವಾಗಿರೋ ಮೂರ್ತಿ ಪೂಜೆ ಮಾಡೋ ಜಾಗದಲ್ಲಿ ಇರಬಾರದು ಅಂದ್ರು. ಇಲ್ಲೇ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ವಿಸರ್ಜನೆ ಮಾಡ್ತೀನಿ ಅಂತ ಕಾರಲ್ಲಿ ತಗೊಂಡು ಹೋದ್ರು."

"ಸುತ್ತಿದ್ದ ಬಟ್ಟೆ ಗಿಟ್ಟೆ ಏನಾದ್ರೂ ಇತ್ತಾ?"

"ಇತ್ತು. ಹಳೇ ಕಸೂತಿ ಬಟ್ಟೆ ಥರ. ಫುಲ್ ವಾಸನೆ. ಹೊರಗಿನ ಕಸದ ಸ್ಕಿಪ್‌ಗೆ ಹಾಕಿದ್ವಿ, ಮಂಗಳವಾರ ಲಾರಿಯವರು ಬಂದು ತಗೊಂಡು ಹೋದ್ರು." ಅವನು ಹೆಮ್ಮೆಯಿಂದಲೇ ಹೇಳಿದ. ಮೈ ಪರಚಿಕೊಳ್ಳುವ ಹಾಗಾಯಿತು. ಆ ಫೋಟೋವನ್ನು ನನ್ನ ಫೋನಿಗೆ ಕಳಿಸಿಕೊಂಡು ಎಲೆ ಬಿಟ್ಟು ಎದ್ದೆ. ಉಂಡ ಎಲೆ ಮಡಚಲಿಲ್ಲ ಎಂದು ಯಾರೋ ಹಿಂದಿನಿಂದ ಆಕ್ಷೇಪಿಸಿದರು.

ಕಾರಿನಲ್ಲಿ ಕೂತು ಅದೇ ಸಿಟ್ಟಿನಲ್ಲಿ ಜೂಡಿತ್‌ಗೆ ಒಂದು ಇಮೇಲ್ ಬರೆದೆ: ಸ್ಟೇಜಿನ ಕೆಳಗೆ ಹಳೆಯ ವಿಗ್ರಹವೊಂದು ಸಿಕ್ಕಿದೆ, ಯಾರೋ ತೆಗೆದುಕೊಂಡು ಹೋಗಿದ್ದಾರೆ. ಇನ್ನೊಂದು ಗೈಡ್‌ಗೆ. ಅವರು ಆ ಗಳಿಗೆಯಲ್ಲೇ ಉತ್ತರಿಸಿದರು. ಇದು ನಿಜವಾದರೆ ಅದ್ಭುತ, ಆದರೆ ಬರೀ ಮಾತು ಸಾಲದು. ಬಿಷಪ್ಪರ ಕಚೇರಿ ಅಧಿಕೃತವಾಗಿ ದಾಖಲಿಸಲಿ, ನಿಮ್ಮ ಅಧ್ಯಾಯ ಗೆದ್ದಂತೆ. ಆರು ವರ್ಷದಲ್ಲಿ ಆಕೆ ಆಶ್ಚರ್ಯಸೂಚಕ ಚಿಹ್ನೆ ಬಳಸಿದ್ದು ಅದೇ ಮೊದಲು.

ಸಂಜೆ ಸ್ಟಾಕ್‌ಪೋರ್ಟಿನ ಗೋಪಾಲ ಮಾವನ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಅವರ ಹೆಂಡತಿ ಚಂದ್ರಪ್ರಭಾ ಅತ್ತೆ. ಇನ್ನೂ ಹಬ್ಬದ ರೇಷ್ಮೆ ಸೀರೆಯಲ್ಲೇ ಇದ್ದರು.

"ಬಾರೇ ಹೇಮಾ. ಊಟದ ಮಧ್ಯೆ ಎದ್ದು ಹೋದ್ಯಂತೆ? ಹುಷಾರಿಲ್ವಾ?"

"ಮಾವ ಎಲ್ಲಿ?"

ಮಾವ ಸೋಫಾದಲ್ಲಿ ಕಾಲು ಚಾಚಿ ಟಿವಿಯಲ್ಲಿ ಸ್ನೂಕರ್ ನೋಡುತ್ತಿದ್ದರು. ನಾನು ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಮುಂದೆ ದನಿ ಎತ್ತಿದವಳಲ್ಲ ನಾನು.

"ಮಾವ, ಆ ವಿಗ್ರಹನ ಎಲ್ಲಿ ಬಿಟ್ರಿ?"

"ಯಾವುದು? ಓ, ಅದಾ? ಬಿಟ್ಟಾಯ್ತು ಬಿಡಮ್ಮ."

"ಎಲ್ಲಿ ಅಂತ ಕೇಳ್ತಿದೀನಿ."

"ಹರಿಯೋ ನೀರಲ್ಲಿ. ಭಿನ್ನವಾದ ಮೂರ್ತಿ ಕಣಮ್ಮ. ಅದರ ತಲೆ ಮೇಲೇ ಗಣಪತಿ ಕೂರಿಸಿ ಪೂಜೆ ಮಾಡಕ್ಕಾಗತ್ತಾ?"

"ಅದು ನಮ್ಮ ದೇವರಲ್ಲ ಮಾವ!"

"ಯಾರ ದೇವರಾದ್ರೇನು? ಯಾರೋ ಕೈ ಮುಗಿದಿದ್ದು ತಾನೆ? ಮತ್ತೇನು, ಆ ಬಟ್ಟೆ ಜೊತೆ ಸ್ಕಿಪ್‌ಗೆ ಎಸೀಬೇಕಿತ್ತಾ?" ಎಂದು ನನ್ನನ್ನೇ ಗದರಿದರು.

ಅತ್ತೆ ಕಾಫಿ ತಂದರು. "ಏನೂ ಕಮ್ಮಿ ಮಾಡ್ಲಿಲ್ಲ ಕಣೇ. ಅರಿಶಿನ ನೀರಲ್ಲಿ ತೊಳೆದು, ಹೊಸಾ ಪಂಚೇಲಿ ಸುತ್ತಿದ್ರು ನಿಮ್ಮ ಮಾವ. ನಾನು ಮಡಿಲು ತುಂಬಿದೆ. ಅಕ್ಕಿ, ಕೊಬ್ಬರಿ, ಬಳೆ, ನನ್ನ ಹಸಿರು ರವಿಕೆ ಕಣ. ತಾಯಿ ಮಗು ಅಲ್ವೇನೇ, ಗೌರಿ ಹಬ್ಬ ಬೇರೆ ಹತ್ರ ಬಂದಿತ್ತು. ಬರಿಗೈಲಿ ಹ್ಯಾಗೆ ಕಳಿಸೋದು? ದಾರಿಗೆ ಅಂತ ಮೊಸರವಲಕ್ಕೀನೂ ಕಟ್ಟಿಕೊಟ್ಟೆ."

ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಬಿಟ್ಟು ಕಿರುಚಿದೆ. "ಅತ್ತೆ, ಆ ಕಲ್ಲು ನೀರಲ್ಲಿ ಕರಗತ್ತೆ! ಅಲಬಾಸ್ಟರ್ ಅದು, ಗ್ರಾನೈಟ್ ಅಲ್ಲ. ಆಗಲೇ ಒಂದು ವಾರ ಆಯ್ತು. ಇವತ್ತು ತೆಗೆಸಿದ್ರೆ ಉಳಿಯತ್ತೆ, ಇನ್ನೂ ಬಿಟ್ರೆ ಆ ಮಗೂ ಕೈ, ಪುಸ್ತಕ, ಮುಖ ಎಲ್ಲ ಸವೆದು ಹೋಗತ್ತೆ."

ಮಾವನ ಮುಖ ಅರಳಿತು. "ಕರಗತ್ತಾ? ಭೇಷ್! ಕಲ್ಲು ಹಾಗೇ ಕೂತಿರತ್ತೆ ಅಂತ ನಂಗೂ ಒಂದು ಕೊರಗಿತ್ತು. ಕರಗಿದ್ರೆ ತಾನೇ ಅದು ವಿಸರ್ಜನೆ?"

ಇಂಥವರಿಗೆ ಏನು ಹೇಳುವುದು? ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಕಾಫಿ ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ. ಎದುರಿನ ಕುರ್ಚಿಯಲ್ಲಿ ಕೂತು ಮೊದಲಿನಿಂದ ಹೇಳತೊಡಗಿದೆ. ಒಂಬತ್ತು ವರ್ಷದ ರಾಜ, ಸುಣ್ಣ ಹೊಡೆದ ಗೋಡೆ, ಕುದುರೆ ಏರಿ ಬಂದ ಕಮಿಷನರುಗಳು, ಖಾಲಿ ಗೂಡು. ನನ್ನ ಆರು ವರ್ಷ, ಗೈಡಿನ ಪ್ರಶ್ನೆ, ಅಕ್ಟೋಬರ್ ಕೊನೆ. ಮಾವ ಕಾಲು ಕೆಳಗಿಟ್ಟು ನೆಟ್ಟಗೆ ಕೂತರು. ಅತ್ತೆ ಅಡುಗೆಮನೆಗೆ ಹೋಗಲಿಲ್ಲ. ನನ್ನ ಕೆಲಸವನ್ನು ನಮ್ಮವರ ಪೈಕಿ ಯಾರಾದರೂ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದ್ದು ಅದೇ ಮೊದಲು. ಸಂತೋಷಪಡುವ ಸ್ಥಿತಿಯಲ್ಲಿ ನಾನು ಇರಲಿಲ್ಲ.

"ಅಂದ್ರೆ ಆ ಮೇರಿ ಬಂದ ಮೇಲೂ ಅವರು ಯಾಕೆ ವಾಪಸ್ ತಂದು ಇಡ್ಲಿಲ್ಲ ಅಂತ ನಿಮ್ಮ ಮೇಡಂ ಕೇಳ್ತಾರೆ," ಎಂದರು ಮಾವ.

"ಹೌದು. ಅದೇ ಪ್ರಶ್ನೆ. ಅದಕ್ಕೇ ಉತ್ತರ ಇಲ್ಲ."

"ಯಾಕಿಲ್ಲ? ತಲೆ ಇಲ್ಲದೇ ಇರೋದನ್ನ ತಂದು ಎಲ್ಲಿಡ್ತಾರೆ? ಆ ಕುತ್ತಿಗೆ ಮುರಿದ ಜಾಗ ನಾನು ನೋಡಿದೀನಿ. ಹೊಸಾ ಗಾಯ ಅಲ್ಲ ಅದು. ಒಳಗೆಲ್ಲ ಕೊಳೆ ಕಟ್ಟಿತ್ತು. ಹೂಳೋ ಮುಂಚೆಯೇ ಯಾರೋ ಹೊಡೆದಿದ್ದಾರೆ. ಮುರಿದ ಮೇಲೆ ಅವರು ಬಚ್ಚಿಟ್ಟಿದ್ದಲ್ಲಮ್ಮ, ಮಣ್ಣು ಮಾಡಿದ್ದು. ಒಳ್ಳೇ ಬಟ್ಟೇಲಿ ಸುತ್ತಿ, ನೆಟ್ಟಗೆ ಮಲಗಿಸಿ, ಮೇಲೆ ಕಲ್ಲು ಮುಚ್ಚಿ. ಮಣ್ಣು ಮಾಡಿದ್ದನ್ನ ಯಾರಾದ್ರೂ ಅಗೆದು ತೆಗೀತಾರಾ?"

ಸರಿಯಿತ್ತು. ಹಾಳಾದ್ದು, ಪೂರ್ತಿ ಸರಿಯಿತ್ತು. ಆರು ವರ್ಷ ನಾನು ಗ್ರಂಥಾಲಯಗಳಲ್ಲಿ ಕೂತು ಕಣ್ಣು ಕೆಡಿಸಿಕೊಂಡ ಪ್ರಶ್ನೆಗೆ ಈ ಮನುಷ್ಯ ಸೋಫಾದಿಂದ ಏಳದೆ ಉತ್ತರ ಹೇಳಿದರು. ಉತ್ತರಕ್ಕೆ ಪುರಾವೆಯಾಗಬೇಕಿದ್ದ ಕಲ್ಲನ್ನು ಮಾತ್ರ ತಮ್ಮ ಕೈಯಾರೆ ನೀರಿಗೆ ಹಾಕಿ ಬಂದಿದ್ದರು. ಈಗ ನಾನು ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಲಿ? ಗಂಡನ ಸೋದರಮಾವ, ಸ್ಟಾಕ್‌ಪೋರ್ಟ್, ಸ್ನೂಕರ್ ನೋಡುತ್ತಿದ್ದಾಗ ಹೇಳಿದ್ದು ಎಂದೇ?

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲಿ ಅಂತ ಹೇಳಿ."

ಅವರು ನನ್ನ ಮುಖವನ್ನೇ ನೋಡಿದರು. "ಆ ಊರಿನವರು ಕೊನೆಗೂ ಹೇಳಿದ್ರಾ?"

"ಯಾರು?"

"ಅದೇ, ಕುದುರೆ ಮೇಲೆ ಬಂದವರು ಕೇಳಿದ್ರಲ್ಲ. ಹೇಳಿದ್ರಾ?"

"ಇಲ್ಲ."

"ಗಟ್ಟಿ ಜನ," ಎಂದರು ಮಾವ. ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಟಿವಿ ಹಾಕಿದರು. "ಗೊತ್ತಿಲ್ಲಮ್ಮ. ವಯಸ್ಸಾಯ್ತು, ಮರೆತುಹೋಗಿದೆ."

ಮುಂದಿನ ಭಾನುವಾರ ಸಂಘದವರೆಲ್ಲ ಮತ್ತೆ ಹಾಲಿನಲ್ಲಿ ಸೇರಿದ್ದೆವು. ಮಂಟಪ ಬಿಚ್ಚುವುದು, ಪಾತ್ರೆ ತೊಳೆಯುವುದು, ಜೊತೆಗೆ ಉಳಿದವರಿಗೆಲ್ಲ ಮೊಸರನ್ನ. ಹನ್ನೊಂದರ ಹೊತ್ತಿಗೆ ಜೂಡಿತ್ ಒಬ್ಬ ಗಂಡಸನ್ನು ಕರೆದುಕೊಂಡು ಬಂದರು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ಟು. ಬಿಷಪ್ಪರ ಕಚೇರಿಯವನು. ನನ್ನ ಇಮೇಲನ್ನು ಜೂಡಿತ್ ಮೇಲಕ್ಕೆ ಕಳಿಸಲೇಬೇಕಿತ್ತಂತೆ. ಕ್ಷಮಿಸಿ ಎನ್ನುವ ಹಾಗೆ ನನ್ನ ಕಡೆ ನೋಡಿದರು.

ಅವನು ತುಂಬಾ ವಿನಯದ ಮನುಷ್ಯ. ಗದರಲಿಲ್ಲ, ಹೆದರಿಸಲಿಲ್ಲ. ಚರ್ಚಿನ ಸೊತ್ತು ಯಾರಾದರೂ ಒಯ್ದಿದ್ದರೆ ಅದು ಕಳವು, ಪೊಲೀಸಿಗೆ ತಿಳಿಸಬೇಕಾಗುತ್ತದೆ, ಹಾಲ್ ಕೊಡುವುದನ್ನೂ ನಿಲ್ಲಿಸಬೇಕಾಗುತ್ತದೆ ಎಂದು ಹವಾಮಾನ ವರದಿ ಓದುವ ಹಾಗೆ ಹೇಳಿದ. ಆಮೇಲೆ ಸ್ಟೇಜಿನ ಕೆಳಗೆ ಬಗ್ಗಿ ನೋಡಿದ. ನಮ್ಮ ಹುಡುಗರು ಹಾಸುಗಲ್ಲನ್ನು ಸಿಮೆಂಟ್ ಹಾಕಿ ಭದ್ರವಾಗಿ ಕೂರಿಸಿದ್ದರು, ಯಾರೂ ಎಡವಬಾರದೆಂದು.

ಸ್ಕಂದನನ್ನು ಕೇಳಿದ. "ನೋ ಐಡಿಯಾ," ಎಂದ ಸ್ಕಂದ. ಜೀವಮಾನದಲ್ಲಿ ಮೊದಲ ಸಲ ಒಂದು ಮಾತು ಕಡಿಮೆ ಆಡಿದ. ಚಂದ್ರಪ್ರಭಾ ಅತ್ತೆಯನ್ನು ಕೇಳಿದ. ನಲವತ್ತೈದು ವರ್ಷ ಈ ದೇಶದಲ್ಲಿದ್ದ ಅತ್ತೆ ಇಂಗ್ಲಿಷೇ ಬರದವರ ಹಾಗೆ ನಕ್ಕು ಒಂದು ಬಟ್ಟಲು ಮೊಸರನ್ನ ಮುಂದೆ ಹಿಡಿದರು. ಜೂಡಿತ್ ತಾವಾಗಿಯೇ, ಆ ಶನಿವಾರ ತಾವು ಊರಲ್ಲೇ ಇರಲಿಲ್ಲ ಎಂದರು. ಇದ್ದರು. ಕ್ಲೀನ್ ಮಾಡುವ ಹುಡುಗರಿಗೆ ಟೀ ಕೊಟ್ಟವರು ಅವರೇ ಎಂದು ಸ್ಕಂದ ಹೇಳಿದ್ದ. ಗೋಪಾಲ ಮಾವ ಮಾತ್ರ ಮೂಲೆಯ ಸಿಂಕಿನಲ್ಲಿ ಬೆನ್ನು ತಿರುಗಿಸಿ ನಿಂತು ಅನ್ನದ ಕೊಳದಪ್ಪಲೆ ಉಜ್ಜುತ್ತಿದ್ದರು. ಅವರ ಕೈ ನಿಂತಿರಲಿಲ್ಲ, ಆದರೆ ಉಜ್ಜುತ್ತಿದ್ದುದು ಒಂದೇ ಜಾಗವನ್ನು. ಎಪ್ಪತ್ತೆಂಟರ ಮನುಷ್ಯನನ್ನು ಪೊಲೀಸರು ಸ್ಟೇಷನ್ನಿಗೆ ಕರೆದರೆ ಹೇಗಿರುತ್ತದೆ ಎಂದು ಒಂದು ಗಳಿಗೆ ಕಣ್ಣಮುಂದೆ ಬಂತು.

ಕೊನೆಗೆ ಅವನು ನನ್ನ ಹತ್ತಿರ ಬಂದ. "ಇಮೇಲ್ ಬರೆದವರು ನೀವೇ ಅಲ್ಲವೇ?"

"ಹೌದು."

"ಆ ವಿಗ್ರಹ ಈಗ ಎಲ್ಲಿದೆ?"

ಫೋಟೋ ನನ್ನ ಕೋಟಿನ ಜೇಬಿನ ಫೋನಿನಲ್ಲೇ ಇತ್ತು. ತೆಗೆದು ತೋರಿಸಿ, ಸಿಂಕಿನ ಕಡೆ ಒಮ್ಮೆ ಕೈ ಮಾಡಿದ್ದರೆ ಮುಗಿಯುತ್ತಿತ್ತು. ಮಾವ ಪೊಲೀಸರ ಮುಂದೆ ಬಾಯಿ ಬಿಡುತ್ತಿದ್ದರು, ಮುಳುಗುಗಾರರು ಅವಳನ್ನು ಮೇಲೆತ್ತುತ್ತಿದ್ದರು, ಅಧಿಕೃತವಾಗಿ ದಾಖಲಾಗುತ್ತಿತ್ತು. ನನ್ನ ಅಧ್ಯಾಯ, ನನ್ನ ಹೆಸರು, ನನ್ನ ಆರು ವರ್ಷ. ನನಗೆ ಅದು ಬೇಕಿತ್ತು. ಬೇಡವೆಂದು ದೊಡ್ಡಸ್ತಿಕೆ ಕೊಚ್ಚಿಕೊಳ್ಳುವವಳಲ್ಲ ನಾನು, ಹೊಟ್ಟೆಯೊಳಗಿನಿಂದ ಬೇಕಿತ್ತು.

"ಗೊತ್ತಿಲ್ಲ," ಎಂದೆ.

"ತೆಗೆದುಕೊಂಡು ಹೋದವರು ಯಾರು?"

"ಗೊತ್ತಿಲ್ಲ."

ಅವನು ಟ್ಯಾಬ್ಲೆಟ್ಟಿನಿಂದ ತಲೆ ಎತ್ತಿದ. "ನೀವು ಇತಿಹಾಸ ಓದುತ್ತಿರುವವರು ಎಂದು ವಿಕರ್ ಹೇಳಿದರು. ಹಾಗಾಗಿ ಇದೊಂದು ಕೇಳುತ್ತೇನೆ. ನಿಮಗೆ ತಿಳಿದಂತೆ ಅಂಥದ್ದೊಂದು ವಿಗ್ರಹ ಇಲ್ಲಿ ಇತ್ತೇ?"

ಸಿಂಕಿನಲ್ಲಿ ಉಜ್ಜುವ ಸದ್ದು ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇವರಲ್ಲಿ ಒಬ್ಬರಿಗೂ ನಾನು ಏನು ಓದುತ್ತೇನೆ ಎಂಬುದು ಬೇಕಿರಲಿಲ್ಲ. ಈಗ ಎಲ್ಲರಿಗೂ ನನ್ನ ಉತ್ತರ ಬೇಕಿತ್ತು.

"ಗೊತ್ತಿಲ್ಲ," ಎಂದೆ. "ಯಾರೋ ಹೇಳಿದ್ದನ್ನು ಕೇಳಿ ಬರೆದುಬಿಟ್ಟೆ."

ಅವನು ಏನೋ ಒತ್ತಿದ, ಮುಗಿಯಿತು. ಥ್ಯಾಂಕ್ಸ್ ಹೇಳಿ, ಅತ್ತೆ ಕೊಟ್ಟ ಮೊಸರನ್ನವನ್ನು ಮರ್ಯಾದೆಗೆ ಎರಡು ಚಮಚ ತಿಂದು ಹೊರಟುಹೋದ. ಜೂಡಿತ್ ಹೋಗುವಾಗ ನನ್ನ ಭುಜ ಒತ್ತಿದರು. ನನಗೆ ಅದು ಬೇಕಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವ ಒಂದು ತಟ್ಟೆಯಲ್ಲಿ ಮೊಸರನ್ನ ಹಾಕಿಕೊಂಡು ಬಂದರು. ಮೇಲೆ ನನಗಿಷ್ಟ ಎಂದು ಒಗ್ಗರಣೆಯ ಮೆಣಸಿನಕಾಯಿ ಹುಡುಕಿ ಇಟ್ಟಿದ್ದರು. ಅವರ ಕೈಯಿಂದ ಇನ್ನೂ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

"ನಿನ್ನ ಪುಸ್ತಕ?" ಎಂದರು ಮೆಲ್ಲಗೆ.

"ಬಿಟ್ಟು ಬಂದ್ರಲ್ಲ, ಅದರ ಜೊತೇಲೇ ಹೋಯ್ತು. ಮಾವ, ಈಗಲಾದ್ರೂ ನಂಗೊಬ್ಬಳಿಗೆ ಹೇಳಿ. ಯಾರಿಗೂ ಹೇಳಲ್ಲ. ಒಂದ್ಸಲ ಹೋಗಿ ದಡದಲ್ಲಿ ನಿಂತು ಬರ್ತೀನಿ, ಅಷ್ಟೆ. ಎಲ್ಲಿ ಬಿಟ್ರಿ?"

ಮಾವನ ಕಣ್ಣು ಒದ್ದೆಯಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಗೊತ್ತಿಲ್ಲಮ್ಮ," ಎಂದರು.

ತಟ್ಟೆಯನ್ನು ಅವರ ಕೈಯಿಂದ ಕಿತ್ತುಕೊಂಡು ನಿಂತಲ್ಲೇ ತಿಂದೆ. ಹಸಿವಾಗಿತ್ತು. ಉಪ್ಪು ಕಮ್ಮಿಯಿತ್ತು, ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.